ಶಾಲೆಯ ಗೇಟಿನ ಮುಂದೆ ನಿಂತು ಮನೆ ಆರಿಸಿದ್ದು

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಾವು ಮನೆ ಹುಡುಕಲು ಶುರು ಮಾಡಿದಾಗ ಸ್ನೇಹಿತರೆಲ್ಲ ಕೇಳಿದ್ದು ಒಂದೇ: "ಮಿಷನ್ ಕಡೆ ನೋಡ್ತಿದ್ದೀರಾ?" ಅಡುಗೆಮನೆ ಹೇಗಿದೆ, ಬಿಸಿಲು ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ. ಮಿಷನ್ ಅಂದರೆ ಮಿಷನ್ ಸ್ಯಾನ್ ಹೋಸೆ ಹೈಸ್ಕೂಲಿಗೆ ಸೇರುವ ಏರಿಯಾ. ಇಲ್ಲಿ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುವುದು ಮನೆಯ ವಿಳಾಸ ನೋಡಿ. ಹಾಗಾಗಿ ಒಂದೇ ಥರದ ಮನೆ ಶಾಲೆಯ ಏರಿಯಾದ ಗೆರೆಯ ಆಚೆಗೊಂದು, ಈಚೆಗೊಂದು ಇದ್ದರೆ ಬೆಲೆಯಲ್ಲಿ ಲಕ್ಷಗಟ್ಟಲೆ ಡಾಲರ್ ವ್ಯತ್ಯಾಸ.

ಮಗಳಿಗೆ ಆಗ ನಾಲ್ಕು ವರ್ಷ. ನಾನೂ ರಾತ್ರಿಯೆಲ್ಲ, ಶಾಲೆಗಳಿಗೆ ಅಂಕ ಕೊಡುವ ವೆಬ್‌ಸೈಟ್ ಆದ ಗ್ರೇಟ್‌ಸ್ಕೂಲ್ಸ್‌ನ ಅಂಕ ನೋಡುತ್ತ ಕೂರುತ್ತಿದ್ದೆ. ಹತ್ತಕ್ಕೆ ಎಷ್ಟು ಅನ್ನುವ ಆ ಅಂಕದಲ್ಲಿ ಪರೀಕ್ಷೆಯ ಫಲಿತಾಂಶದ್ದೇ ದೊಡ್ಡ ಪಾಲು. ಟ್ಯೂಷನ್‌ಗೆ ದುಡ್ಡಿರುವ ಮನೆಗಳು ಜಾಸ್ತಿ ಇದ್ದರೆ ಅಂಕವೂ ಜಾಸ್ತಿ, ಅಲ್ವಾ?

ಆಮೇಲೆ ರಾಜ್ಯದ ಶಿಕ್ಷಣ ಇಲಾಖೆಯ ಅಂಕಿಅಂಶ ತೆಗೆದೆ. ಅದರಲ್ಲಿ ಪ್ರತಿ ಶಾಲೆಯಲ್ಲೂ ಯಾವ ಮೂಲದ ಮಕ್ಕಳು ಎಷ್ಟು ಅಂತ ಇರುತ್ತದೆ. ಮಿಷನ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಏಷ್ಯಾ ಮೂಲದವರು. ನಮ್ಮವರೇ ಇದ್ದಾರೆ ಅನ್ನೋ ಸಮಾಧಾನ ಒಂದು ಕಡೆ. ಅಷ್ಟು ದೂರದಿಂದ ಬಂದು ಮಗಳನ್ನು ಬರೀ ನಮ್ಮಂಥವರ ಮಧ್ಯೆ ಬೆಳೆಸೋದಾ ಅನ್ನೋ ಗುಮಾನಿ ಇನ್ನೊಂದು ಕಡೆ.

ಏಜೆಂಟನ್ನು ಕೇಳಿದೆ, "ಇಲ್ಲಿ ಯಾರು ಯಾರು ಇರ್ತಾರೆ?" ಅಷ್ಟು ಮಾತಾಡುವ ಮನುಷ್ಯ ಗಪ್‌ಚಿಪ್. 1968ರ ಫೇರ್ ಹೌಸಿಂಗ್ ಕಾಯ್ದೆ ಬಂದಮೇಲೆ, ಜನಾಂಗ ನೋಡಿ ಗಿರಾಕಿಯನ್ನು ಒಂದು ಏರಿಯಾಕ್ಕೆ ತಿರುಗಿಸುವಂತಿಲ್ಲ. "ನೀವೇ ಬಂದು ನೋಡಿ" ಅಂದ. ಅವನು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ಇದೊಂದೇ.

ಹೋಗಿ ನೋಡಿದೆವು. ಮೂರು ವಾರ, ಶಾಲೆ ಬಿಡುವ ಹೊತ್ತಿಗೆ, ಬೇರೆ ಬೇರೆ ಗೇಟುಗಳ ಮುಂದೆ. ಸೆಂಟರ್‌ವಿಲ್ ಕಡೆಯ ಒಂದು ಪ್ರಾಥಮಿಕ ಶಾಲೆಯ ಹತ್ತಿರ ಆಫ್ಘನ್ನರ ದರಿ ಭಾಷೆ, ಸ್ಪ್ಯಾನಿಷ್, ತೆಲುಗು ಎಲ್ಲ ಒಟ್ಟಿಗೆ ಕಿವಿಗೆ ಬಿತ್ತು. ಅಲ್ಲಿನ ಒಂದು ಭಾಗಕ್ಕೆ ಲಿಟ್ಲ್ ಕಾಬೂಲ್ ಅಂತಲೇ ಹೆಸರು. ಮೊಳದುದ್ದದ ಆಫ್ಘನ್ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಹಿಡಿದಿದ್ದ ಅಜ್ಜ ಒಬ್ಬರು, ಮೊಮ್ಮಗನ ಜೊತೆ ಅವನ ಗೆಳೆಯನಿಗೂ ಒಂದು ತುಂಡು ಮುರಿದುಕೊಟ್ಟರು. ನನ್ನ ಹೆಂಡತಿ ಅಲ್ಲೇ ತೀರ್ಮಾನ ಮಾಡಿದಳು ಅಂತ ಕಾಣುತ್ತೆ. ನಾನು ಇನ್ನೂ ಎರಡು ತಿಂಗಳು ಎಕ್ಸೆಲ್ ಶೀಟು ತುಂಬಿದೆ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಮಾರಾಟದ ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರನ್ನು ನಂಬಬೇಡಿ. ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ, ಆಮೇಲೆ ಫೋನೂ ಮಾಡಿ. ವಿಳಾಸ ಸರಿಯಿದ್ದರೂ ತರಗತಿ ತುಂಬಿದ್ದರೆ ಮಗುವನ್ನು ಬೇರೆ ಶಾಲೆಗೆ ಕಳಿಸಬಹುದು ಅನ್ನೋದು ನನಗೆ ಗೊತ್ತಾಗಿದ್ದೇ ಫೋನ್ ಮಾಡಿದಾಗ. ಗೆರೆಯೂ ಶಾಶ್ವತ ಅಲ್ಲ. 2000ದ ಆಸುಪಾಸಿನಲ್ಲಿ ಇದೇ ಊರಲ್ಲಿ ವೈಬಲ್ ಪ್ರಾಥಮಿಕ ಶಾಲೆಯ ಏರಿಯಾವನ್ನು ಮಿಷನ್‌ನಿಂದ ತೆಗೆದು ಅರ್ವಿಂಗ್‌ಟನ್ ಹೈಸ್ಕೂಲಿಗೆ ಸೇರಿಸಿದರು. ನಮಗೆ ಬೇರೆ ಡಿಸ್ಟ್ರಿಕ್ಟೇ ಬೇಕು ಅಂತ ಪೋಷಕರು ಹೋರಾಡಿದರು, ಗೆಲ್ಲಲಿಲ್ಲ.

ಕೊನೆಗೆ ವಾಷಿಂಗ್ಟನ್ ಹೈಸ್ಕೂಲಿಗೆ ಸೇರುವ ಬೀದಿಯಲ್ಲಿ ಹಳೇ ಮನೆ ಕೊಂಡೆವು. "ಮಿಷನ್ ಸಿಗಲಿಲ್ವಾ, ಪಾಪ" ಅಂದವರೂ ಇದ್ದಾರೆ. ಹಾಸನಕ್ಕೆ ಫೋನ್ ಮಾಡಿದಾಗ ಅಮ್ಮ ಮಾತ್ರ ಬೇರೆ ಪ್ರಶ್ನೆ ಕೇಳಿದರು: "ಮಗು ನಡ್ಕೊಂಡು ಹೋಗೋಷ್ಟು ಹತ್ತಿರ ಇದೆಯೇನೋ ಶಾಲೆ?"

ಎಂಟು ನಿಮಿಷ ಅಂದೆ.

"ಸರಿ ಬಿಡು ಹಾಗಾದ್ರೆ."