ಡಬಲ್ ಬಾಸ್: ತೊಡೆಯಿಂದ ಆಂಕಲ್‌ಗೆ ದಾಟುವ ಹಾದಿ

ಡಬಲ್ ಬಾಸ್, ಅಂದರೆ ಎರಡೂ ಪಾದದಿಂದ ಪೆಡಲ್ ಒತ್ತಿ ಬಾಸ್ ಡ್ರಮ್ ನುಡಿಸುವುದನ್ನು ಕಲಿಯಬೇಕೆಂದು ಬರುವ ಹುಡುಗರು ಮೊದಲು ಕೇಳುವುದು, "ನೀವು ಎಷ್ಟು ಬಿಪಿಎಂವರೆಗೆ ಹೋಗ್ತೀರಿ?" ಎಂದು (ಬಿಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ). ನಾನು ಮೊದಲು ನೋಡುವುದು ಅವರು ಕೂತ ಸ್ಟೂಲನ್ನು. ರಾಕ್ ನುಡಿಸುವಾಗ ಎಡಗಾಲು ಹೈ-ಹ್ಯಾಟ್ (ಜೋಡಿ ಸಿಂಬಲ್) ಪೆಡಲಿನ ಮೇಲೆ ಊರಿರುತ್ತದೆ, ಮೈಭಾರದ ಒಂದು ಪಾಲು ಅದಕ್ಕೆ ಹೋಗುತ್ತದೆ. ಡಬಲ್ ಬಾಸ್‌ನಲ್ಲಿ ಎರಡೂ ಪಾದ ಕೆಲಸದಲ್ಲಿರುವುದರಿಂದ ಆ ಆಸರೆ ಇಲ್ಲ. ಎರಡೂ ಪಾದಗಳನ್ನು ಪೆಡಲಿನಿಂದ ಎರಡು ಬೆರಳಿನಷ್ಟು ಎತ್ತಿ ಹಿಡಿದು, ಸ್ನೇರ್ ಮೇಲೆ ಒಂದು ಸಾದಾ ಬೀಟ್ ನುಡಿಸಿ ನೋಡಿ. ಬೆನ್ನು ಹಿಂದಕ್ಕೆ ವಾಲಿತೋ, ಭುಜ ಬಿಗಿಯಿತೋ, ಸ್ಟೂಲಿನ ಎತ್ತರ ಅಥವಾ ದೂರ ಸರಿಯಿಲ್ಲ ಎಂದೇ ಅರ್ಥ. ನನಗೆ ಒಗ್ಗಿದ್ದು ಇದು: ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ, ತೊಡೆ ಮುಂದಕ್ಕೆ ತುಸು ಇಳಿಜಾರು, ಆಂಕಲ್ (ಪಾದದ ಕೀಲು) ಮೊಣಕಾಲಿಗಿಂತ ಒಂದಿಷ್ಟು ಮುಂದೆ.

ಇನ್ನು ಲೆಕ್ಕ. ಒಂದು ಬೀಟ್‌ಗೆ ನಾಲ್ಕು ಪೆಟ್ಟು ಎಂದುಕೊಂಡರೆ, 120 ಬಿಪಿಎಂನಲ್ಲಿ ಒಂದೊಂದು ಪಾದ ಸೆಕೆಂಡಿಗೆ 4 ಸಲ ಹೊಡೆಯಬೇಕು. 180ಕ್ಕೆ ಅದು 6 ಆಗುತ್ತದೆ. 120ರಲ್ಲಿ ಇಡೀ ಕಾಲನ್ನು ಸೊಂಟದಿಂದ ಎತ್ತಿ ಇಳಿಸಬಹುದು, ಕಾಲಿನ ಭಾರವೇ ಬೀಟರನ್ನು (ಪೆಡಲಿನ ಸುತ್ತಿಗೆಯನ್ನು) ಡ್ರಮ್ಮಿನ ಚರ್ಮಕ್ಕೆ ಒತ್ತುತ್ತದೆ, ಸದ್ದೂ ದಪ್ಪಗಿರುತ್ತದೆ. ಆದರೆ ಅಷ್ಟು ಭಾರದ ಅಂಗವನ್ನು ಸೆಕೆಂಡಿಗೆ ಆರು ಸಲ ಎತ್ತುತ್ತಾ ಹೋದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಸೊಂಟದ ಮುಂಭಾಗ ಉರಿಯುತ್ತದೆ. ಆದ್ದರಿಂದ ಆ ವೇಗದಲ್ಲಿ ಕೆಲಸ ಆಂಕಲ್‌ಗೆ ಹೋಗಬೇಕು. ಹಿಮ್ಮಡಿ ಪೆಡಲಿನಿಂದ ಸ್ವಲ್ಪವೇ ಮೇಲೆ ತೇಲುತ್ತಿರುತ್ತದೆ, ತೊಡೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಮೀನಖಂಡ ಒತ್ತುತ್ತದೆ, ಸ್ಪ್ರಿಂಗ್ ವಾಪಸ್ ಎತ್ತಿಕೊಡುತ್ತದೆ. ಯಕ್ಷಗಾನದಲ್ಲಿ ಚೆಂಡೆಯವರು ಉರುಳಿಕೆ ಬಾರಿಸುವಾಗ ಅವರ ಭುಜ ನೋಡಿ, ಅದು ಸುಮ್ಮನಿರುತ್ತದೆ, ಆಡುವುದು ಮಣಿಕಟ್ಟು. ಕಾಲಿನಲ್ಲೂ ಆಗಬೇಕಾದ್ದು ಅದೇ.

ಕಷ್ಟವಿರುವುದು ನಡುವೆ. ಸುಮಾರು 150ರಿಂದ 175ರವರೆಗೆ ಕಾಲೆತ್ತಲು ವೇಗ ಜಾಸ್ತಿ, ಆಂಕಲ್ ಪುಟಿಯಲು ವೇಗ ಕಡಿಮೆ. ಹೆಚ್ಚಿನವರು ಇಲ್ಲಿ ಸಿಕ್ಕಿಹಾಕಿಕೊಂಡು, ಕಾಲಿನ ಶಕ್ತಿ ಸಾಲದು ಎಂದು ಜಿಮ್‌ಗೆ ಹೋಗುತ್ತಾರೆ. ಶಕ್ತಿ ಇದ್ದೇ ಇದೆ, ಇಲ್ಲದಿರುವುದು ದಾಟುವ ಅಭ್ಯಾಸ. ನಾನು ಮೆಟ್ರೊನೋಮನ್ನು ಕೆಳಗಿನಿಂದ ಮೇಲೆ ಏರಿಸುವ ಬದಲು ಮೇಲಿನಿಂದ ಕೆಳಗೆ ಇಳಿಸಿದೆ. 190ಕ್ಕೆ ಇಟ್ಟು, ಬರೀ ಆಂಕಲ್‌ನಲ್ಲಿ ನಾಲ್ಕು ಬೀಟ್‌ನಷ್ಟು ಉದ್ದದ ತುಣುಕು, ನಂತರ ಅಷ್ಟೇ ಹೊತ್ತು ವಿಶ್ರಾಂತಿ. ಆ ವೇಗದಲ್ಲಿ ಆಂಕಲ್ ತಾನಾಗಿ ನಡುಗುವಂತೆ ಆಡುತ್ತದೆ, ಕಲಿಸಬೇಕಾದ್ದು ಕಡಿಮೆ. ಆಮೇಲೆ ಎರಡೆರಡು ಬಿಪಿಎಂ ಇಳಿಸುತ್ತಾ ಬಂದು, ಅದೇ ಚಲನೆಯನ್ನು ನಿಧಾನಕ್ಕೆ ಹಿಡಿತದಲ್ಲಿ ಇಟ್ಟುಕೊಳ್ಳುವುದು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಆದರೆ ದಿನಕ್ಕೆ ಅರ್ಧ ಗಂಟೆ ಸಾಕು.

ಇದರ ಜೊತೆಗೆ ಇನ್ನೊಂದು ಉಪಾಯ ನನಗೆ ತುಂಬ ನೆರವಾಯಿತು. ಒಂದು ಬೀಟ್‌ನಲ್ಲಿ ಬಲ-ಎಡ-ಬಲ-ಎಡ ಬಂದಾಗ ಒಂದೊಂದು ಪಾದಕ್ಕೆ ಎರಡು ಪೆಟ್ಟು ಸಿಗುತ್ತದೆ. ಮೊದಲನೆಯದಕ್ಕೆ ತೊಡೆ ಇಳಿಯಲಿ, ಎರಡನೆಯದನ್ನು ಆಂಕಲ್ ಮಾತ್ರ ಹೊಡೆಯಲಿ. ಹೀಗೆ ಮಾಡಿದರೆ ತೊಡೆ ಏರಿಳಿಯುವುದು ಪೆಟ್ಟಿನ ಅರ್ಧ ವೇಗದಲ್ಲಿ. 160ರ ಆಸುಪಾಸಿನಲ್ಲಿ ಇದು ಎಷ್ಟು ಹಗುರ ಎಂದರೆ ಹಾಡಿನ ಕೊನೆಯಲ್ಲೂ ಉಸಿರು ಸರಿಯಾಗಿರುತ್ತದೆ. ಎರಡನೇ ಪೆಟ್ಟು ಸಣ್ಣಗಾಗುವ ಅಪಾಯವಿದೆ. ಅದಕ್ಕೇ ಕೈ ಬಿಟ್ಟು ಬರೀ ಕಾಲು ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಕಡ್ಡಾಯ. ಸಿಂಬಲ್ ಸದ್ದಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಪೆಟ್ಟನ್ನು ಗ್ರಹಿಸಿ ಎಲೆಕ್ಟ್ರಾನಿಕ್ ಸದ್ದು ಹೊರಡಿಸುವ ಟ್ರಿಗರ್ ಹಾಕಿದರಂತೂ ಸಣ್ಣ ಪೆಟ್ಟೂ ದೊಡ್ಡ ಪೆಟ್ಟೂ ಒಂದೇ ಸದ್ದಾಗಿ ಹೊರಬರುತ್ತವೆ. ವೇದಿಕೆಯಲ್ಲಿ ಟ್ರಿಗರ್ ಬೇಕಾದರೆ ಬಳಸಿ, ಅಭ್ಯಾಸದ ಕೋಣೆಯಲ್ಲಿ ಬೇಡವೇ ಬೇಡ.

ಎಡಗಾಲಿನ ಬಗ್ಗೆ ಒಂದು ಮಾತು. ಜಾಝ್ ಡ್ರಮ್ಮರ್ ಲೂಯಿ ಬೆಲ್ಸನ್ 1940ರ ದಶಕದಲ್ಲೇ ಎರಡು ಬಾಸ್ ಡ್ರಮ್ ಇಟ್ಟುಕೊಂಡು ನುಡಿಸುತ್ತಿದ್ದರು. ಅಮೆರಿಕದ ಮೆಟಲ್ ಬ್ಯಾಂಡ್ ಸ್ಲೇಯರ್‌ನ ಡೇವ್ ಲೊಂಬಾರ್ಡೊ ಮೆಟಲ್‌ನಲ್ಲಿ ಹೆಸರು ಮಾಡಿದ್ದೂ ಎರಡು ಡ್ರಮ್ ಮೇಲೆಯೇ. ಅಲ್ಲಿ ಎರಡು ಪೆಡಲ್‌ಗೂ ಒಂದೇ ನ್ಯಾಯ. ಒಂದೇ ಡ್ರಮ್ಮಿಗೆ ಡಬಲ್ ಪೆಡಲ್ ಹಾಕುವ ನಮ್ಮಂಥವರ ಎಡಪಾದದ ಒತ್ತು ಮಾತ್ರ ಎರಡು ಪೆಡಲನ್ನು ಜೋಡಿಸುವ ಒಂದು ಶಾಫ್ಟ್ (ಸರಳು), ಎರಡು ಯುನಿವರ್ಸಲ್ ಜಾಯಿಂಟ್ (ತಿರುಗುವ ಕೀಲು) ದಾಟಿ ಬೀಟರ್ ತಲುಪಬೇಕು. ಜಾಯಿಂಟ್ ಸ್ವಲ್ಪ ಸಡಿಲಾದರೂ ಎಡ ಪೆಟ್ಟು ತಡವಾಗುತ್ತದೆ, ನಾವು ಕಾಲನ್ನು ದೂರುತ್ತೇವೆ. ಹಾಗಾಗಿ ನಾನು ಸ್ಪ್ರಿಂಗ್ ಹೊಂದಿಸುವುದು ಕಣ್ಣಿನಿಂದ. ಎರಡೂ ಬೀಟರನ್ನು ಒಂದೇ ಎತ್ತರಕ್ಕೆ ಎಳೆದು ಒಟ್ಟಿಗೆ ಬಿಡುತ್ತೇನೆ. ಅವು ತೂಗಾಡಿ ಹೆಚ್ಚುಕಡಿಮೆ ಒಟ್ಟಿಗೇ ನಿಲ್ಲಬೇಕು. ಎಡದ್ದು ಬೇಗ ನಿಂತರೆ ಜಾಯಿಂಟಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಆಮೇಲೆ ಎಡ ಸ್ಪ್ರಿಂಗ್ ಒಂದು ಸುತ್ತು ಬಿಗಿ.

ಮಂಗಳೂರಿನಲ್ಲಿ ಇದನ್ನು ಪದೇ ಪದೇ ಮಾಡಬೇಕಾಗುತ್ತದೆ. ಕಡಲಗಾಳಿಯ ಉಪ್ಪಿಗೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚೈನ್ ಕೂಡ. ನುಡಿಸಿ ಆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಮುಚ್ಚಿಡುವುದನ್ನು ನಾನು ತಪ್ಪಿಸುವುದಿಲ್ಲ. ಸೆಕೆಯದು ಬೇರೆಯೇ ಕಥೆ. ಏಪ್ರಿಲ್, ಮೇಯಲ್ಲಿ ಬರಿಗಾಲು ಬೆವತು ಪೆಡಲಿಗೆ ಅಂಟಿಕೊಳ್ಳುತ್ತದೆ. ಹಿಮ್ಮಡಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಹೊಡೆಯುವ ಸ್ವಿವೆಲ್ ತಂತ್ರಕ್ಕೆ ಪಾದದ ಮುಂಭಾಗ ಸಲೀಸಾಗಿ ತಿರುಗಬೇಕು, ಅಂಟಿದರೆ ಮುಗಿಯಿತು. ಅದಕ್ಕೆ ನಾನು ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕುತ್ತೇನೆ. ಸ್ವಿವೆಲ್ ನನಗೆ ಬೇಕಾಗುವುದು 200ರ ಆಚೆಗೆ ಮಾತ್ರ. ಒಂದೇ ಚಲನೆಯಲ್ಲಿ ಎರಡು ಪೆಟ್ಟು ತೆಗೆಯುವ ಹೀಲ್-ಟೋ ಇನ್ನೂ ವೇಗ ಕೊಡುತ್ತದೆ, ಆದರೆ ನಾವು ನುಡಿಸುವ ಡೆತ್ ಮೆಟಲ್‌ಗೆ ಬೇಕಾದ ಸಮತೂಕದ ಸದ್ದು ನನಗೆ ಆಂಕಲ್‌ನಲ್ಲೇ ಚೆನ್ನಾಗಿ ಸಿಗುತ್ತದೆ.

ನೋವಿನ ವಿಚಾರದಲ್ಲಿ ಹುಡುಗಾಟ ಬೇಡ. ಮೀನಖಂಡವೋ ಮೊಣಕಾಲಿನ ಕೆಳಗಿನ ಮುಂಭಾಗದ ಸ್ನಾಯುವೋ ದಣಿದು ಉರಿದರೆ ಅದು ದುಡಿದ ಲಕ್ಷಣ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಕೀಲಿನೊಳಗೆ ಚುಚ್ಚಿದಂತಾದರೆ ಆ ದಿನಕ್ಕೆ ಎದ್ದುಬಿಡಿ.

ಸುರತ್ಕಲ್, ಮಣಿಪಾಲದ ಕಾಲೇಜು ಫೆಸ್ಟ್‌ಗಳಲ್ಲಿ ಡ್ರಮ್ ಕಿಟ್ ಅಲ್ಲಿಯದೇ ಇರುತ್ತದೆ, ಹಲಗೆಯ ವೇದಿಕೆ ಕಾಲಿನ ಒತ್ತಿಗೆ ಕುಲುಕುತ್ತದೆ, ಬಾಸ್ ಡ್ರಮ್ ಇಂಚಿಂಚೇ ಮುಂದೆ ಸರಿಯುತ್ತದೆ. ಪೆಡಲ್, ಸ್ಟೂಲ್, ಕೆಳಗೆ ಹಾಸುವ ಒಂದು ತುಂಡು ಕಾರ್ಪೆಟ್, ಈ ಮೂರನ್ನು ನಾನು ಮನೆಯಿಂದಲೇ ಒಯ್ಯುತ್ತೇನೆ. ಕಾರ್ಪೆಟ್ ಮೇಲೆ ಎಡ ಪೆಡಲ್ ಕೂರುವ ಜಾಗಕ್ಕೂ ಸ್ಟೂಲಿನ ಮೂರು ಕಾಲಿಗೂ ಬಿಳಿ ಟೇಪ್ ಅಂಟಿಸಿಟ್ಟಿದ್ದೇನೆ, ಹಿಂದಿನ ಬ್ಯಾಂಡ್ ಇಳಿದು ನಾವು ಹತ್ತುವ ಐದು ನಿಮಿಷದಲ್ಲಿ ಎಲ್ಲ ತನ್ನ ತನ್ನ ಜಾಗಕ್ಕೆ ಬರುತ್ತದೆ.