ನಾಲ್ಕು ಸೆಕೆಂಡಿನ ಅಧ್ಯಾಯ

ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ವೈಜ್ಞಾನಿಕ ಸಾಹಸ ಕಾದಂಬರಿ ಬರೆಯಲು ಕೂತಾಗ ನಾನು ಹಾಕಿಕೊಂಡ ಕಟ್ಟಳೆ ಒಂದೇ: ಕಥೆಯಲ್ಲಿ ಸುಳ್ಳು ಒಂದೇ ಇರಬೇಕು, ಮಿಕ್ಕಿದ್ದೆಲ್ಲ ನಿಜವಿರಬೇಕು. ನನ್ನ ಸುಳ್ಳು ಎಂದರೆ ತಾನೇ ಯೋಚಿಸಬಲ್ಲ, ಕಡಲಲ್ಲಿ ಈಜುವ ಪುಟ್ಟ ರೋಬೋಟ್. ಕಾರವಾರದ ಅಣ್ಣ ತಂಗಿ ಇಬ್ಬರಿಗೆ ಅದು ದೇವಬಾಗದ ಮರಳಲ್ಲಿ ಸಿಗುತ್ತದೆ, ಆಮೇಲೆ ಕೂರ್ಮಗಡ ದ್ವೀಪದ ಕಡೆ ತಪ್ಪಿಸಿಕೊಂಡು ಹೋಗುತ್ತದೆ. ಸಮುದ್ರವನ್ನಾಗಲಿ ಕಾಳಿ ನದಿಯ ಅಳಿವೆಯನ್ನಾಗಲಿ ಕಥೆಗೆ ಬೇಕಾದಂತೆ ಬಗ್ಗಿಸಲಿಲ್ಲ.

ಬಗ್ಗಿಸದ್ದಕ್ಕೇ ಕಥೆ ಹುಟ್ಟಿತು. ಮೊದಲ ಅಧ್ಯಾಯಗಳನ್ನು ಆರನೇ ತರಗತಿಯಲ್ಲಿ ಓದಿ ಹೇಳುತ್ತಿದ್ದೆ. ಒಬ್ಬ ಹುಡುಗ ಕೇಳಿದ, "ಅಕ್ಕೋರೇ, ಅದಕ್ಕೆ ಮೊಬೈಲಿಂದ ಮೆಸೇಜ್ ಹಾಕಿದ್ರೆ ಆಗ್ತಿತ್ತಲ್ಲ?" ಆಗೋದಿಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಮೊಬೈಲಿನ ರೇಡಿಯೋ ಅಲೆಗಳನ್ನು ಅದು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ಜಿಪಿಎಸ್‌ಗೂ ಅದೇ ಗತಿ. ನೀರೊಳಗೆ ದೂರ ಹೋಗುವುದು ಸದ್ದು, ಸೆಕೆಂಡಿಗೆ ಸುಮಾರು 1500 ಮೀಟರ್. ರೋಬೋಟ್ 3 ಕಿಲೋಮೀಟರ್ ಆಚೆ ಇದ್ದರೆ ಕರೆ ಮುಟ್ಟಲು 2 ಸೆಕೆಂಡು, ಉತ್ತರ ಬರಲು ಇನ್ನೆರಡು. ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಮನೆಗೆ ಬಂದು ಆ ನಾಲ್ಕು ಸೆಕೆಂಡಿನ ಮೇಲೆಯೇ ಒಂದು ಇಡೀ ಅಧ್ಯಾಯ ಕಟ್ಟಿದೆ. ರೋಬೋಟ್ ಬಂಡೆಯ ಕಡೆ ನುಗ್ಗುತ್ತಿದೆ. ಅದರ ಜೊತೆಗೆ ಸಿಕ್ಕ, ಸದ್ದಿನಲ್ಲಿ ಸಂದೇಶ ಕಳಿಸುವ ಡಬ್ಬಿಯನ್ನು ನೀರಿಗೆ ಇಳಿಬಿಟ್ಟು ತಂಗಿ 'ನಿಲ್ಲು' ಎಂದು ಕಳಿಸಿದ್ದಾಳೆ. ಮುಟ್ಟಿತೋ ಇಲ್ಲವೋ? ಓದುವಾಗ ತರಗತಿಯ ಮಕ್ಕಳೂ ಬೆರಳು ಮಡಚಿ ಎಣಿಸಿದರು.

ಇನ್ನು ರಾತ್ರಿ ಅದನ್ನು ಹುಡುಕುವ ಬಗೆ. ಮಳೆಗಾಲ ಕಳೆದ ಮೇಲೆ ಕೆಲವೊಮ್ಮೆ ನಮ್ಮ ಕಡಲಲ್ಲಿ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು ಕಾಣುತ್ತದಲ್ಲ, ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯದ್ದು. ನೀರು ಕಲಕಿದಾಗ ಮಿನುಗುತ್ತದೆ. ಹಾಗಾಗಿ ರೋಬೋಟ್ ಮೇಲ್ಮೈಗೆ ಬಂದರೆ ಹೋದ ದಾರಿ ನೀಲಿ ಗೆರೆಯಾಗುತ್ತದೆ. ಗೆರೆ ಚೆನ್ನಾಗಿ ಕಾಣಲು ಅಮಾವಾಸ್ಯೆಯ ಕತ್ತಲು ಬೇಕು. ಆದರೆ ಅಮಾವಾಸ್ಯೆಗೆ ಉಬ್ಬರ ಇಳಿತವೂ ಜೋರು, ಅಳಿವೆಯ ಸೆಳೆತವೂ ಜೋರು! ಇಂಥ ಇಕ್ಕಟ್ಟನ್ನು ನಾನು ಕಲ್ಪಿಸಬೇಕಾಗಲಿಲ್ಲ, ಪಂಚಾಂಗದಲ್ಲೇ ಇತ್ತು.

ದುಷ್ಟ ವಿಜ್ಞಾನಿಯನ್ನು ಇಡಲೇ ಇಲ್ಲ. ವಿಜ್ಞಾನ ಬಲ್ಲವರೆಂದರೆ ಕೇಡಿಗರು ಎಂಬ ಚಿತ್ರವನ್ನು ಮಕ್ಕಳ ತಲೆಗೆ ನಾನಂತೂ ತುಂಬಲಾರೆ.

ಮಕ್ಕಳ ಸಾಹಸ ಕಥೆಯಲ್ಲಿ ದೊಡ್ಡವರನ್ನು ಹೊರಗಿಡುವುದು ವಾಡಿಕೆ. ಅಪ್ಪನನ್ನು ಬೈತಖೋಲ ಬಂದರಿನಿಂದ ಬೋಟಿನಲ್ಲಿ ಕಳಿಸಿಬಿಟ್ಟೆ, ಮೀನುಗಾರಿಕೆಗೆ ಹೋದರೆ ಬರುವುದು ದಿನಗಟ್ಟಲೆ ತಡ. ಆದರೆ ನನ್ನ ಓದುಗರ ಮನೆ ಬಾಗಿಲಿಗೇ ಸಮುದ್ರ. ಓದಿದ್ದನ್ನು ಅದೇ ಸಂಜೆ ಮಾಡಿ ನೋಡಬಲ್ಲರು. ಮಕ್ಕಳಿಬ್ಬರನ್ನೇ ರಾತ್ರಿ ಪಾತಿ ದೋಣಿ ಹತ್ತಿಸಲು ನನಗೆ ಮನಸ್ಸು ಬರಲಿಲ್ಲ. ಹುಟ್ಟು ಹಾಕಲು ಅಜ್ಜನನ್ನು ಕೂರಿಸಿದೆ. ಅಜ್ಜನಿಗೆ ಸೆಳೆತ ಗೊತ್ತು, ರೋಬೋಟ್ ಗೊತ್ತಿಲ್ಲ. ದೋಣಿ ಯಾವ ಕಡೆ ತಿರುಗಬೇಕು ಎಂಬುದನ್ನು ಪ್ರತಿ ಸಲವೂ ಮಕ್ಕಳೇ ತೀರ್ಮಾನಿಸುತ್ತಾರೆ.