ರಾಕೆಟ್‌ನ ಘನ ಇಂಧನ ಎಷ್ಟು ಬೇಗ ಉರಿಯುತ್ತದೆ? ಕಾಗದದ ಮೇಲೆ ಲೆಕ್ಕ ಹಾಕುವುದು ಹೀಗೆ

ನನ್ನ ಕ್ಲಾಸಿನಲ್ಲಿ ಮೊದಲು ಕೇಳುವುದೇ ಇದು: ಇಸ್ರೋದ ಎಲ್‌ವಿಎಂ3 ರಾಕೆಟ್‌ಗೆ ಅಂಟಿಕೊಂಡಿರುವ ಎಸ್200 ಬೂಸ್ಟರ್‌ನಲ್ಲಿ ಬೆಂಕಿ ಇಂಧನದೊಳಗೆ ಸೆಕೆಂಡಿಗೆ ಎಷ್ಟು ದೂರ ಸಾಗುತ್ತದೆ? ಮಕ್ಕಳು ಮೀಟರ್‌ಗಟ್ಟಲೆ ಅನ್ನುತ್ತಾರೆ. ಲೆಕ್ಕ ಮಾಡಿ ನೋಡಿ. ಬೂಸ್ಟರ್‌ನ ವ್ಯಾಸ 3.2 ಮೀಟರ್. ಇಂಧನ ನಡುವಿನ ತೂತಿನಿಂದ ಹೊರಗೋಡೆಯ ಕಡೆಗೆ ಉರಿಯುತ್ತದೆ. ಆ ತೂತು ಸೂಜಿಮೊನೆಯಷ್ಟೇ ಅಂತ ಇಟ್ಟುಕೊಂಡರೂ ಬೆಂಕಿ ಸಾಗಬೇಕಾದದ್ದು 1600 ಮಿ.ಮೀ. ಉರಿಯುವ ಸಮಯ ಸುಮಾರು 130 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 12 ಚಿಲ್ಲರೆ ಮಿ.ಮೀ. ನಿಜವಾದ ತೂತು ದೊಡ್ಡದು, ಹಾಗಾಗಿ ವೇಗ ಅದಕ್ಕಿಂತಲೂ ಕಡಿಮೆ. ಇಷ್ಟು ನಿಧಾನವಾದರೂ 200 ಟನ್ ಖಾಲಿಯಾಗುವುದು ಉರಿಯುವ ಮೈ ಅಷ್ಟು ವಿಶಾಲವಾಗಿರುವುದರಿಂದ.

ಈಗ ಒತ್ತಡಕ್ಕೆ ಬನ್ನಿ, ಅದು ಏರಿದಷ್ಟೂ ಇಂಧನ ಬೇಗ ಉರಿಯುತ್ತದೆ. ವೇಗ ಅಂದರೆ 'ಎ' ಅನ್ನೋ ಸಂಖ್ಯೆಯನ್ನು ಒತ್ತಡದ 'ಎನ್'ನೇ ಘಾತದಿಂದ ಗುಣಿಸಿದ್ದು. ಎನ್ ಕಂಡುಹಿಡಿಯಲು ಎರಡು ಅಳತೆ ಸಾಕು. ಉದಾಹರಣೆಗೆ 40 ಬಾರ್‌ನಲ್ಲಿ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಸೆಕೆಂಡಿಗೆ 7 ಮಿ.ಮೀ., 80 ಬಾರ್‌ನಲ್ಲಿ 8.6 ಅಂತಿರಲಿ. ವೇಗಗಳ ಅನುಪಾತದ ಲಾಗ್ ಅನ್ನು ಒತ್ತಡಗಳ ಅನುಪಾತದ ಲಾಗ್‌ನಿಂದ ಭಾಗಿಸಿ. ಸುಮಾರು 0.3 ಬರುತ್ತದೆ.

ಡೇಟಾಶೀಟ್ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ವೇಗವನ್ನಲ್ಲ, ಈ ಎನ್ ಅನ್ನು. ಯಾಕೆ ಗೊತ್ತಾ? ಇಂಧನದಲ್ಲಿ ಬಿರುಕು ಬಿಟ್ಟು ಉರಿಯುವ ಮೈ 10% ಜಾಸ್ತಿಯಾಯಿತು ಅಂದುಕೊಳ್ಳಿ. ಒಳಗಿನ ಒತ್ತಡ ತಿಳಿಯಲು 1.1 ಅನ್ನು 1/(1−ಎನ್) ಘಾತಕ್ಕೆ ಏರಿಸಿ. ಎನ್ 0.3 ಇದ್ದರೆ ಒತ್ತಡ ಸುಮಾರು 15% ಏರುತ್ತದೆ, ಮೋಟಾರ್ (ಇಂಧನ ತುಂಬಿದ ಕೊಳವೆ) ತಡೆದುಕೊಂಡೀತು. 0.8 ಇದ್ದರೆ 61%! ಎನ್ 1 ಮುಟ್ಟಿದರೆ ಒತ್ತಡ ಎಲ್ಲೂ ನಿಲ್ಲುವುದಿಲ್ಲ, ಕೊಳವೆ ಸಿಡಿಯುತ್ತದೆ.

ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳು ದೂರ ಹಾರಿದ್ದಕ್ಕೂ ಒತ್ತಡವೇ ಒಂದು ಕಾರಣ. ಕಬ್ಬಿಣದ ಕೊಳವೆ ಬಿದಿರು, ಕಾಗದಕ್ಕಿಂತ ಹೆಚ್ಚು ಒತ್ತಡ ತಡೆಯುತ್ತಿತ್ತು.

ಇನ್ನು 'ಎ'. ಇದು ಸುಮ್ನೆ ಒಂದು ಸ್ಥಿರಾಂಕ ಅಲ್ಲ. ಹಚ್ಚುವ ಮೊದಲೇ ಇಂಧನ ಬಿಸಿಯಾಗಿದ್ದರೆ ಅದು ಏರುತ್ತದೆ. ಉರಿಯಲು ಆಮ್ಲಜನಕ ಒದಗಿಸುವ ಅಮೋನಿಯಂ ಪರ್ಕ್ಲೋರೇಟ್‌ನ ಕಣಗಳು ನುಣ್ಣಗಿದ್ದರೂ ಏರುತ್ತದೆ. ಆದ್ದರಿಂದ ಅಳತೆ ಯಾವ ತಾಪಮಾನದ್ದು ಅಂತ ಪಕ್ಕದಲ್ಲೇ ಬರೆದಿಡಿ. 40ರಿಂದ 80 ಬಾರ್‌ವರೆಗೆ ಅಳೆದು ಬಂದ ಎನ್ ಅನ್ನು 150 ಬಾರ್‌ಗೆ ಎಳೆಯಬೇಡಿ, ಅಲ್ಲಿ ಎನ್ ಬೇರೆಯೇ ಆಗಿರಬಹುದು.